ಗಿಟಾರಿಗೆ ಹಚ್ಚಿದ ವಾಲ್ವ್ ರೇಡಿಯೋ

ಕ್ಯಾಸೆಟ್ ಹಾಕಿ ಆಂಪ್ಲಿಫಾಯರ್ ಮಾರುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗಿಟಾರಿಗೆ ಬೇಕು, ಗಿಟಾರು ಹಚ್ಚಿ ತೋರಿಸಿ ಅಂತ ಗಿಟಾರನ್ನೇ ಹೊತ್ತುಕೊಂಡು ಹೋಗಿ ಎದುರು ನಿಂತರೂ ಅವರು ಹಾಕುವುದು ಕ್ಯಾಸೆಟ್ಟೇ. ಸಿನಿಮಾ ಹಾಡು ಡಬಡಬ ಅಂದ ಕೂಡಲೇ ನಮ್ಮ ಮುಖ ನೋಡುತ್ತಾರೆ. ನಾವು ತಲೆ ಆಡಿಸಬೇಕು. ಹಾಗೆ ತಲೆ ಆಡಿಸಿ ಬಂದವರಲ್ಲಿ ನಾನೂ ಒಬ್ಬ, ಅದಕ್ಕೇ ಉರಿ ಇನ್ನೂ ಜಾಸ್ತಿ.

ಶಿರಸಿಯ ಹಳೇ ಬಸ್ ನಿಲ್ದಾಣದ ಹತ್ತಿರ ನನ್ನದು ರೇಡಿಯೋ ರಿಪೇರಿ ಅಂಗಡಿ. ಜೊತೆಗೆ ಒಂದು ಮೈಕ್ ಸೆಟ್ಟೂ ಇತ್ತು. ಊರಿನ ಹೈಸ್ಕೂಲ್ ಮಾಸ್ತರರೊಬ್ಬರು ಕಟ್ಟಿದ ಭಾವಗೀತೆಯ ತಂಡಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿ ಕಾರ್ಯಕ್ರಮವಾದರೂ ನನ್ನದೇ ಸೆಟ್ಟು. ತಂಡದಲ್ಲಿ ಮಾಸ್ತರು ಹಾಡುತ್ತಿದ್ದರು, ತಬಲಾಕ್ಕೆ ಒಬ್ಬರು, ಗಿಟಾರಿಗೆ ಒಬ್ಬರು. ಗಿಟಾರಿನವರು ಯಲ್ಲಾಪುರದ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಲಾರಿಗಳಿಗೆ ನಂಬರು, ಹೆಸರು ಬರೆಯುವ ಪೇಂಟರ್. ನಾವೆಲ್ಲ ಅವರನ್ನು ಪೇಂಟರ್ ಅಂತಲೇ ಕರೆಯುತ್ತಿದ್ದೆವು. ಭಾನುವಾರ ಊರಿನ ಚರ್ಚು, ಅಂದರೆ ಇಗರ್ಜಿಯಲ್ಲಿ ನುಡಿಸುತ್ತಿದ್ದರು, ಉಳಿದಂತೆ ನಮ್ಮ ಜೊತೆ. ಒಮ್ಮೆ ವ್ಯಾನಿನಲ್ಲಿ ಬರುವಾಗ ಕೇಳಿದ್ದೆ, ಇಷ್ಟು ದೂರ ಯಾಕೆ ಬರ್ತೀರಿ ಅಂತ. ಇಗರ್ಜಿಯಲ್ಲಿ ನುಡಿಸುವುದು ದೇವರಿಗೆ, ಇಲ್ಲಿ ನುಡಿಸುವುದು ನನಗೆ ಅಂದಿದ್ದರು. ಹಾಡಿನ ನಡುವೆ ಎರಡು ಸಾಲು ಬಿಟ್ಟು ಅವರೊಬ್ಬರೇ ನುಡಿಸುವ ಜಾಗ ಪ್ರತಿ ಹಾಡಿನಲ್ಲೂ ಇರುತ್ತಿತ್ತು. ಹತ್ತು ಹನ್ನೆರಡು ವರ್ಷದಿಂದ ಆ ಜಾಗ ಅವರದು.

ಆಗಷ್ಟೇ ನಮ್ಮ ಕಡೆಗೆ ಕೀಬೋರ್ಡು ಬಂತು. ಮಾಸ್ತರು ಹುಬ್ಬಳ್ಳಿಯಿಂದ ಒಬ್ಬ ಕೀಬೋರ್ಡಿನವನನ್ನು ಕರೆಸಿದರು. ಅವನು ಒಂದು ನಂಬರು ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದು ಒತ್ತಿದರೆ ಗಿಟಾರು. ಆ ಗಿಟಾರು ಎಂಥದ್ದು ಅಂತ ನಾನು ಹೇಳಬಲ್ಲೆ: ಪ್ಲಾಸ್ಟಿಕ್ ಬಾಚಣಿಕೆಯ ಹಲ್ಲು ಎಳೆದ ಹಾಗೆ. ಆದರೆ ಅದರ ವಯರು ನೇರ ಆಂಪ್ಲಿಫಾಯರಿಗೆ, ಮೈಕಿನ ಕಿರಿಕಿರಿ ಇಲ್ಲ, ಕಡೇ ಸಾಲಿನ ತನಕ ಖಣಖಣ ಕೇಳುತ್ತದೆ. ಪೇಂಟರ್ ಗಿಟಾರು ಎರಡನೇ ಸಾಲಿಗೂ ಮುಟ್ಟುತ್ತಿರಲಿಲ್ಲ.

ಅವರದ್ದು ಮರದ ಡಬ್ಬಿಯ, ತಂತಿಯ ಗಿಟಾರು. ಅದರ ತೂತಿನ ಎದುರಿಗೆ ಒಂದು ಮೈಕು ಇಡುವುದು ನಮ್ಮ ಪದ್ಧತಿ. ಮೈಕು ಸ್ವಲ್ಪ ಏರಿಸಿದರೆ ಕುಂಯ್ ಅಂತ ಸಿಳ್ಳೆ, ಇಳಿಸಿದರೆ ಏನೂ ಇಲ್ಲ. ಸಿದ್ದಾಪುರದಲ್ಲಿ ಒಂದು ಮದುವೆಯ ಆರತಕ್ಷತೆಗೆ ಹೋದಾಗ ಅದು ಎಷ್ಟು ಸಿಳ್ಳೆ ಹೊಡೆಯಿತೆಂದರೆ ಹುಡುಗಿಯ ಕಡೆಯ ಹಿರಿಯರೊಬ್ಬರು ಊಟದ ಕೈಯಲ್ಲೇ ಎದ್ದು ಬಂದು, ಮೊದಲು ಆ ಗಿಟಾರನ್ನು ಬಂದ್ ಮಾಡಿ, ಊಟ ಮಾಡಲಿಕ್ಕೆ ಕೊಡ್ತೀರೋ ಇಲ್ಲವೋ ಅಂತ ಗದರಿದರು. ಮಾಸ್ತರು ನನ್ನ ಕಡೆ ತಿರುಗಿ ಕೈ ಸನ್ನೆ ಮಾಡಿದರು. ಗಿಟಾರಿನ ಮೈಕು ಆಫ್ ಮಾಡಿದೆ. ಪೇಂಟರ್ ಕಡೇವರೆಗೂ ನುಡಿಸಿದರು, ಅವರಿಗೆ ಮಾತ್ರ ಕೇಳುವಷ್ಟು.

ಸಾಮಾನು ಕಟ್ಟುವಾಗ ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. ಇನ್ನು ಎರಡು ತಿಂಗಳಿಗೆ ಯಲ್ಲಾಪುರದಲ್ಲಿ ದೊಡ್ಡ ಕಾರ್ಯಕ್ರಮ ಇದೆ, ಪೇಂಟರ್ ಊರೇ ಅದು. ಅಷ್ಟರೊಳಗೆ ಗಿಟಾರಿಗೆ ಒಂದು ಸರಿಯಾದ ಆಂಪ್ಲಿಫಾಯರ್ ನೋಡು. ಅಲ್ಲೂ ಹೀಗೇ ಆದರೆ ಗಿಟಾರಿನ ಜಾಗವನ್ನೂ ಕೀಬೋರ್ಡಿನವನೇ ನುಡಿಸಲಿ, ಒಬ್ಬರ ಖರ್ಚೂ ಉಳಿಯಿತು ಅಂದರು. ಪೇಂಟರಿಗೆ ಇದನ್ನು ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಹೇಳಿದೆ. ಅವರು ಗಿಟಾರು ಒರೆಸುತ್ತಾ, ಹಾಗಾದರೆ ನೀವು ಹೇಳಿದ್ದೇ ಆಯ್ತು ಹೆಗಡೇರೆ ಅಂದರು.

ಮೊದಲ ಕೆಲಸ ಮೈಕು ತೆಗೆಯುವುದು. ಪೇಂಟರ್ ತಮ್ಮ ಪರಿಚಯದವರ ಮೂಲಕ ಗೋವಾದಿಂದ ಒಂದು ಪಿಕಪ್ ತರಿಸಿದರು. ಪಿಕಪ್ ಅಂದರೆ ಎಂಟಾಣೆ ನಾಣ್ಯದಷ್ಟು ಒಂದು ಹಿತ್ತಾಳೆ ಬಿಲ್ಲೆ, ಅದರಿಂದ ಸಪೂರ ವಯರು. ಗಿಟಾರಿನ ಹೊಟ್ಟೆಯೊಳಗೆ ಕೈ ಹಾಕಿ, ತಂತಿ ಕಟ್ಟಿದ ಪಟ್ಟಿಯ ಕೆಳಗೆ ಅಂಟಿಸಬೇಕು. ಮರ ನಡುಗಿದ್ದನ್ನು ಅದು ಕರೆಂಟು ಮಾಡಿ ಕಳಿಸುತ್ತದೆ. ಗಾಳಿಯ ಶಬ್ದ ಹಿಡಿಯುವುದಿಲ್ಲವಾದ್ದರಿಂದ ಸಿಳ್ಳೆ ಕಮ್ಮಿ. ಅಂಟಿಸಲಿಕ್ಕೆ ಮೂರು ದಿನ ಹೋಯಿತು, ಯಾಕೆಂದರೆ ಎಲ್ಲಿ ಅಂಟಿಸಿದರೂ ಒಂದು ತಂತಿ ಜೋರು, ಒಂದು ಮೆಲ್ಲಗೆ. ಕೊನೆಗೆ ಪಟ್ಟಿಯ ದಪ್ಪ ತಂತಿಯ ಬದಿಗೆ ಒಂದು ಬೆರಳಗಲ ಜರುಗಿಸಿದಾಗ ಆರೂ ತಂತಿ ಸಮನಾಗಿ ಬಂತು.

ಬಂತು ಅಂದೆನಲ್ಲ, ಬಂದದ್ದು ತಗಡಿನ ಶಬ್ದ. ನನ್ನ ಆಂಪ್ಲಿಫಾಯರಿನ ಮೈಕಿನ ತೂತಿಗೆ ಚುಚ್ಚಿದರೆ ದಪ್ಪ ತಂತಿಗಳು ಇದ್ದವೋ ಇಲ್ಲವೋ ಅನ್ನುವ ಹಾಗೆ, ಸಪೂರ ತಂತಿಗಳು ಮಾತ್ರ ಟಿಣಿಟಿಣಿ. ರೇಡಿಯೋ ಬಿಚ್ಚಿ ಬಿಚ್ಚಿ ಕೈ ಸವೆಸಿದ ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಮೈಕ್ ಸೆಟ್ಟಿನ ಧಂದೆಗೆ ಇಳಿದ ಮೇಲೆ ನನಗೂ ವಾಟಿನ ಹುಚ್ಚು ಹಿಡಿದಿತ್ತು. ನನ್ನದು ಅರವತ್ತು ವಾಟು, ಸಾಲದು, ದೊಡ್ಡದು ಬೇಕು ಅಂತ ತೀರ್ಮಾನ ಮಾಡಿದೆ.

ಹುಬ್ಬಳ್ಳಿಗೆ ಹೋದೆವು, ನಾನು ಮತ್ತು ಪೇಂಟರ್. ಅವರು ಗ್ಯಾರೇಜಿಗೆ ರಜೆ ಹಾಕಿ, ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು. ಅಂಗಡಿಯವ ಎರಡು ಮಣ ಭಾರದ ಒಂದು ಆಂಪ್ಲಿಫಾಯರು ಎಳೆದು ತಂದ. ಮುಂದೆ ಹಸಿರು ಕೆಂಪು ದೀಪ ಕುಣಿಯುತ್ತಿತ್ತು. ಗಿಟಾರು ಹಚ್ಚಿ ಅಂದೆ. ಕ್ಯಾಸೆಟ್ ಹಾಕಿದ. ಅಂಗಡಿಯ ಗಾಜು ನಡುಗಿತು. ಗಿಟಾರು ಅಂತ ಮತ್ತೆ ಹೇಳಿದೆ. ಹಚ್ಚಿದ, ಹಚ್ಚಿ ಮೊದಲು ಮಾಡಿದ್ದೇ ಎಕೋದ ಗುಂಡಿ ತಿರುಗಿಸಿದ್ದು. ಆ ಕಾಲದಲ್ಲಿ ಎಕೋ ಒಂದು ರೋಗ. ಹಾಡಿಗೂ ಎಕೋ, ಭಾಷಣಕ್ಕೂ ಎಕೋ, ಶ್ರದ್ಧಾಂಜಲಿಗೂ ಎಕೋ. ಪೇಂಟರ್ ಒಂದು ತಂತಿ ಮೀಟಿದರೆ ನಾಲ್ಕು ಸಲ ಕೇಳಿತು, ತಗಡಿನ ಶಬ್ದ ಆ ಗದ್ದಲದಲ್ಲಿ ಮುಚ್ಚಿಹೋಯಿತು. ಎಂಟು ದಿನ ಒಯ್ದು ನೋಡ್ರಿ, ಬೇಡ ಅಂದ್ರ ವಾಪಸ್ ತರ್ರಿ ಅಂದ ಅಂಗಡಿಯವ. ನಾನು ತಲೆ ಆಡಿಸಿದೆ. ಪೇಂಟರ್ ಮಾತ್ರ, ಎಕೋ ತೆಗೆದು ಒಮ್ಮೆ ಕೇಳುವಾ ಅಂದರು. ಬಸ್ಸಿಗೆ ಹೊತ್ತಾಗುತ್ತದೆ ಅಂತ ಅವರ ಬಾಯಿ ಮುಚ್ಚಿಸಿದೆ.

ವಜ್ರಳ್ಳಿಯಲ್ಲಿ ಆ ವಾರ ಒಂದು ಕಾರ್ಯಕ್ರಮ ಇತ್ತು, ಶಾಲೆಯ ಅಂಗಳದಲ್ಲಿ. ಪರೀಕ್ಷೆಗೆ ಒಳ್ಳೆಯದೇ ಆಯಿತು ಅಂದುಕೊಂಡೆ. ಈಗ ನಮ್ಮ ಕಡೆಯ ಪರೀಕ್ಷೆ ಹೇಗೆ ಅಂತ ಹೇಳಬೇಕು. ಭೋಂಗಾ ಅಂದರೆ ನಮ್ಮಲ್ಲಿ ಮರಕ್ಕೆ ಕಟ್ಟುವ ತಗಡಿನ ಲೌಡ್‌ಸ್ಪೀಕರು. ಭೋಂಗಾ ಕಟ್ಟಿ, ಆಂಪ್ಲಿಫಾಯರ್ ಶುರು ಮಾಡಿ, ಒಬ್ಬ ಸ್ಕೂಟರ್ ಹತ್ತಿ ರಸ್ತೆಯಲ್ಲಿ ಹೋಗುತ್ತಾ ಇರಬೇಕು. ಶಬ್ದ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ವಾಪಸು. ತಿರುವಿನ ತನಕ ಕೇಳ್ತು ಅಂದರೆ ಸಾಧಾರಣ ಸೆಟ್ಟು, ಸೇತುವೆ ದಾಟಿ ಕೇಳ್ತು ಅಂದರೆ ಭರ್ಜರಿ ಸೆಟ್ಟು. ಜನ ಸೆಟ್ಟು ಗೊತ್ತು ಮಾಡುವಾಗ ಕೇಳುವುದೂ ಅದನ್ನೇ, ನಿಮ್ಮದು ಎಲ್ಲಿಯ ತನಕ ಕೇಳ್ತು ಅಂತ. ತಾಳಮದ್ದಳೆಗೂ ಹೀಗೆ, ಹರಿಕಥೆಗೂ ಹೀಗೆ. ಹತ್ತಿರ ಕೂತವನಿಗೆ ಹೇಗೆ ಕೇಳುತ್ತದೆ ಅಂತ ಒಬ್ಬನೇ ಒಬ್ಬ ಕೇಳಿದ್ದನ್ನು ನಾನು ಕಂಡಿಲ್ಲ, ನಾನೂ ಕೇಳಿರಲಿಲ್ಲ.

ಪೇಂಟರನ್ನು ಅಂಗಳದಲ್ಲಿ ಕೂರಿಸಿ, ನುಡಿಸ್ತಾ ಇರಿ ಅಂತ ಹೇಳಿ ನಾನೇ ಸ್ಕೂಟರ್ ಹತ್ತಿದೆ. ಗದ್ದೆ ಬಯಲು ಕಳೆದು, ಏರು ಹತ್ತಿ, ಎಂಜಿನ್ ಆಫ್ ಮಾಡಿ ನಿಂತೆ. ಗಿಟಾರು ಕೇಳುತ್ತಿತ್ತು. ಒಂದೊಂದು ತಂತಿ ಎಣಿಸಬಹುದು, ಅಷ್ಟು ಸ್ಪಷ್ಟ. ದೂರದಲ್ಲಿ ಭೋಂಗಾದಿಂದ ಬರುವುದೇ ಆ ಚೂಪು ಸ್ವರ, ದಪ್ಪ ಸ್ವರ ಹಾದಿಯಲ್ಲೇ ಸತ್ತಿರುತ್ತದೆ, ಇದ್ದರೂ ಇಲ್ಲದಿದ್ದರೂ ಅಲ್ಲಿ ನಿಂತವನಿಗೆ ಒಂದೇ. ನನಗೆ ಸಂತೋಷವಾಗಿ ಸ್ಕೂಟರನ್ನು ಓಡಿಸಿಕೊಂಡೇ ಬಂದೆ. ಮಾಸ್ತರಿಗೆ ಹೇಳಿದೆ, ಏರಿನ ಆಚೆಗೂ ಕೇಳುತ್ತದೆ ಅಂತ. ಅವರು ಬೆನ್ನು ತಟ್ಟಿದರು. ಪೇಂಟರ್ ಏನೋ ಹೇಳಲಿಕ್ಕೆ ಬಂದು, ನಮ್ಮಿಬ್ಬರ ಮುಖ ನೋಡಿ ವಾಪಸು ಹೋಗಿ ತಂತಿ ಬಿಗಿ ಮಾಡಲಿಕ್ಕೆ ಕೂತರು.

ಸಂಜೆ ಮೊದಲನೇ ಹಾಡಿಗೇ ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡರು. ಎರಡನೇ ಹಾಡಿಗೆ ಮೊದಲ ಸಾಲಿನಲ್ಲಿ ನಾಲ್ಕು ಕುರ್ಚಿ ಖಾಲಿ. ನಾನು ಆಂಪ್ಲಿಫಾಯರಿನ ಹತ್ತಿರದಿಂದ ಎದ್ದು ಜನರ ಎದುರಿಗೆ ಬಂದು ನಿಂತೆ, ಮೊದಲ ಸಲ. ಕಲ್ಲಿನ ಮೇಲೆ ಕತ್ತಿ ಮಸೆಯುವ ಶಬ್ದ. ನನ್ನ ಹಲ್ಲು ಚುಳ್ ಅಂದಿತು. ಅದರ ನಡುವೆ ಮಾಸ್ತರು ಕಣ್ಣು ಮುಚ್ಚಿ ಪ್ರೇಮದ ಹಾಡು ಹಾಡುತ್ತಿದ್ದಾರೆ. ಇಂಥದ್ದನ್ನು ಜನರ ಕಿವಿಗೆ ಸುರಿದು ಇಷ್ಟು ವರ್ಷ ಹೊಟ್ಟೆ ಹೊರೆದೆನಲ್ಲ ಅಂತ ನನ್ನ ಬಗ್ಗೆ ನನಗೇ ಹೇಸಿಗೆ ಬಂತು. ಮೂರನೇ ಹಾಡಿಗೆ ಪೇಂಟರ್ ತಾವೇ ಪಿನ್ನು ಕಿತ್ತು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಎರಡೂ ಕೈ ಅದರ ಮೇಲಿಟ್ಟು ಕೂತರು. ಅವರ ಜಾಗ ಬಂದಾಗ ಕೀಬೋರ್ಡಿನವ ಒಂದು ನಂಬರು ಒತ್ತಿ ಬಾಚಣಿಕೆ ಎಳೆದ. ಜನ ಚಪ್ಪಾಳೆ ತಟ್ಟಿದರು.

ಮರುದಿನ ಆ ದೀಪದ ಡಬ್ಬಿಯನ್ನು ಹುಬ್ಬಳ್ಳಿಗೆ ವಾಪಸು ಮುಟ್ಟಿಸಿ ಬಂದೆ. ಬೇರೆ ದೊಡ್ಡದು ತೋರಿಸಲಾ ಅಂತ ಕೇಳಿದ ಅಂಗಡಿಯವ. ಡಬ್ಬಿಯನ್ನು ಅವನ ಮೇಜಿನ ಮೇಲೆ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ.

ಆಮೇಲೆ ಹತ್ತು ಹದಿನೈದು ದಿನ ನಾನು ಅಂಗಡಿಯಲ್ಲಿ ಬರೀ ಇದನ್ನೇ ತಲೆಗೆ ಹಚ್ಚಿಕೊಂಡು ಕೂತಿದ್ದೆ. ಟೇಪ್ ರೆಕಾರ್ಡರಿನ ಆಂಪ್ಲಿಫಾಯರಿಗೆ ಹಚ್ಚಿದೆ, ತಗಡು. ಶಾಲೆಯ ಪ್ರಾರ್ಥನೆಯ ಸಣ್ಣ ಸೆಟ್ಟಿಗೆ ಹಚ್ಚಿದೆ, ತಗಡು. ಬಾಸ್ ಗುಂಡಿ ಪೂರ್ತಿ ತಿರುಗಿಸಿದರೆ ಗುಂಯ್ ಅನ್ನುವ ಕರೆಂಟಿನ ಶಬ್ದ ಏರಿತೇ ಹೊರತು ತಂತಿ ಏರಲಿಲ್ಲ. ಇಲ್ಲದ್ದನ್ನು ಏರಿಸುವುದು ಹೇಗೆ? ದಪ್ಪ ಸ್ವರ ಆಂಪ್ಲಿಫಾಯರಿನ ಒಳಗೇ ಹೋಗುತ್ತಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗ. ಬಾಗಿಲಲ್ಲೇ ಎಲ್ಲೋ ಸೋರುತ್ತಿದೆ.

ಅಟ್ಟದ ಮೇಲೆ ಒಂದು ವಾಲ್ವ್ ರೇಡಿಯೋ ಇತ್ತು, ಟ್ರಾನ್ಸಿಸ್ಟರಿನ ಬದಲು ಗಾಜಿನ ಬುರುಡೆಗಳಿಂದ ನಡೆಯುವ ಹಳೇ ಕಾಲದ್ದು. ರಿಪೇರಿಗೆ ಕೊಟ್ಟು ಯಾರೋ ವರ್ಷಗಟ್ಟಲೆ ಬಂದಿರಲಿಲ್ಲ. ಮರದ ಪೆಟ್ಟಿಗೆ, ಒಂದು ಮೂಲೆ ಗೆದ್ದಲು ತಿಂದದ್ದು, ಎದುರಿನ ಬಟ್ಟೆ ಮಾಸಿದ್ದು. ಬೇರೆ ಯಾವುದಕ್ಕೋ ಕೈ ಹಾಕಿದಾಗ ಅದರ ಬೆನ್ನು ಕಂಡಿತು. ಬೆನ್ನಲ್ಲಿ ಎರಡು ತೂತು, ಪಕ್ಕದಲ್ಲಿ ಗ್ರಾಮಫೋನ್ ತಟ್ಟೆಯ ಸಣ್ಣ ಚಿತ್ರ. ಹಿಂದೆ ಶ್ರೀಮಂತರ ಮನೆಗಳಲ್ಲಿ ತಟ್ಟೆ ತಿರುಗಿಸುವ ಪೆಟ್ಟಿಗೆಯನ್ನು ರೇಡಿಯೋದ ಈ ತೂತಿಗೆ ಸಿಕ್ಕಿಸಿ ಹಾಡು ಕೇಳುತ್ತಿದ್ದರು. ಆ ತಟ್ಟೆಯ ಮುಳ್ಳಿನ ಹಿಂದೆ ಇರುತ್ತಿದ್ದುದು ಒಂದು ಹರಳು, ನಡುಗಿದರೆ ಕರೆಂಟು ಕೊಡುವ ಹರಳು. ಗಿಟಾರಿನ ಬಿಲ್ಲೆಯೊಳಗೆ ಇರುವುದೂ ಅದೇ ಜಾತಿಯ ಹರಳು. ಅದರ ಕರೆಂಟು ತೀರಾ ನಾಜೂಕು. ಮೈಕಿಗಾಗಿ ಮಾಡಿದ ತೂತಿಗೆ ಚುಚ್ಚಿದರೆ ಅದು ಸೋರಿ ಹೋಗುತ್ತದೆ, ಮೊದಲು ಸೋರುವುದೇ ದಪ್ಪ ಸ್ವರ. ವಾಲ್ವಿನ ಬಾಗಿಲು ಹಾಗಲ್ಲ, ಅದು ಬಂದದ್ದನ್ನು ಎಳೆಯದೆ ಬರೀ ನೋಡುತ್ತದೆ. ಇದನ್ನು ನಾನು ಕೆಲಸ ಕಲಿಯುವ ಮೊದಲ ವರ್ಷವೇ ಕಲಿತಿದ್ದೆ. ಇಪ್ಪತ್ತು ವರ್ಷ ಕಳೆದು, ಒಂದು ಕಾರ್ಯಕ್ರಮ ಕೆಡಿಸಿದ ಮೇಲೆ ನೆನಪಾಯಿತು.

ರೇಡಿಯೋ ಇಳಿಸಿ ಬಿಚ್ಚಿದೆ. ಒಳಗೆ ಜಿರಳೆಯ ಹಿಕ್ಕೆ, ಇಲಿ ಕಡಿದ ವಯರು, ಒಣಗಿದ ಮೇಣ. ವಾಸನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಮೊದಲು ನೋಡಿದ್ದು ಅದಕ್ಕೆ ಟ್ರಾನ್ಸ್‌ಫಾರ್ಮರ್ ಇದೆಯೋ ಇಲ್ಲವೋ ಅಂತ. ಇಲ್ಲದ ಜಾತಿಯ ರೇಡಿಯೋಗಳಲ್ಲಿ ಮನೆಯ ಕರೆಂಟು ನೇರ ತಗಡಿಗೇ ಬಂದಿರುತ್ತದೆ, ಗಿಟಾರಿನ ತಂತಿ ಮುಟ್ಟಿದವ ಅಲ್ಲೇ ಸಾಯುತ್ತಾನೆ. ಇದಕ್ಕೆ ಇತ್ತು. ಸೋರುವ ಕಂಡೆನ್ಸರುಗಳನ್ನೆಲ್ಲ ಬದಲಿಸಿದೆ, ಗುಂಯ್ ಅನ್ನುವ ಹಮ್ಮು ಹೋಗಲಿ ಅಂತ ದೊಡ್ಡ ಕಂಡೆನ್ಸರ್ ಹೊಸತು ಹಾಕಿದೆ, ಮೂರು ಪಿನ್ನಿನ ವಯರು ಹಾಕಿ ತಗಡಿಗೆ ಅರ್ಥ್ ಕೊಟ್ಟೆ. ಒಂದು ವಾಲ್ವು ಸುಟ್ಟಿತ್ತು, ನನ್ನ ಡಬ್ಬಿಯಲ್ಲಿ ಅದೇ ನಂಬರಿನದು ಒಂದು ಸಿಕ್ಕಿತು.

ಭಾನುವಾರ ಪೂಜೆ ಮುಗಿಸಿ ಪೇಂಟರ್ ಯಲ್ಲಾಪುರದಿಂದ ಬಂದರು. ಇಗರ್ಜಿಯ ಬಿಳಿ ಅಂಗಿಯಲ್ಲೇ ಇದ್ದರು. ವಜ್ರಳ್ಳಿಯ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರೇಡಿಯೋ ಬಿಸಿಯಾಗುವ ತನಕ ಕಾದು, ಪಿನ್ನು ಸಿಕ್ಕಿಸಿ, ನುಡಿಸಿ ಅಂದೆ. ಹೆಬ್ಬೆರಳಿನಿಂದ ಮೇಲಿನ ದಪ್ಪ ತಂತಿ ಮೀಟಿದರು. ಮೇಜಿನ ಮೇಲಿದ್ದ ಸ್ಕ್ರೂಗಳು ನಡುಗಿದವು. ಅದು ಆ ಗಿಟಾರಿನದೇ ಶಬ್ದ, ಮಡಿಲಲ್ಲಿ ಇಟ್ಟುಕೊಂಡಾಗ ಅವರಿಗೆ ಮಾತ್ರ ಕೇಳುತ್ತಿದ್ದದ್ದು. ಒಂದು ಗಂಟೆ ನುಡಿಸಿದರು. ರಸ್ತೆಯಲ್ಲಿ ಹೋಗುವವರು ನಿಂತು ಯಾವ ಸ್ಟೇಷನ್ನು ಅಂತ ವಿಚಾರಿಸಿದರು. ಪೇಂಟರ್ ನಕ್ಕರು. ಆ ಎರಡು ತಿಂಗಳಲ್ಲಿ ನನಗೆ ಹೇಸಿಗೆಯಾಗದ ಒಂದು ದಿನ ಅಂದರೆ ಅದೊಂದೇ.

ಎರಡು ತೊಂದರೆ ಉಳಿದವು. ರೇಡಿಯೋದ ಶಕ್ತಿ ಮೂರು ನಾಲ್ಕು ವಾಟು, ಹಾಲ್‌ಗೆ ಸಾಲದು. ಅದಕ್ಕೆ ರೇಡಿಯೋದ ಎದುರಿಗೆ ಒಂದು ಮೈಕು ಇಟ್ಟು, ಆ ಮೈಕನ್ನು ನನ್ನ ದೊಡ್ಡ ಸೆಟ್ಟಿಗೆ ಕೊಟ್ಟೆ. ಭೋಂಗಾ ಬಿಟ್ಟು ಮರದ ಸ್ಪೀಕರ್ ಬಾಕ್ಸುಗಳನ್ನು ಮಾತ್ರ ಹಚ್ಚಿದೆ. ಸ್ವರ ಹಾಗೇ ಉಳಿಯಿತು. ಇನ್ನೊಂದು ತೊಂದರೆ ವಯರಿನದು. ಗಿಟಾರಿನಿಂದ ರೇಡಿಯೋಕ್ಕೆ ಎರಡು ಮಾರಿಗಿಂತ ಉದ್ದ ವಯರು ಹಾಕಿದರೆ ಸ್ವರ ಮಂಕಾಗಿ ಹಮ್ಮು ಶುರು. ಹಾಗಾಗಿ ಪೇಂಟರ್ ರೇಡಿಯೋದ ಪಕ್ಕದಲ್ಲೇ ಕೂರಬೇಕು. ಕೂತರಾಯಿತು, ಅದರಲ್ಲೇನು ಅಂದುಕೊಂಡೆವು. ಗಿಟಾರಿನ ಒಳಗೇ ಒಂದು ಸಣ್ಣ ಟ್ರಾನ್ಸಿಸ್ಟರ್ ಸರ್ಕ್ಯೂಟು ಕೂರಿಸಿದ್ದರೆ ಎಷ್ಟು ಉದ್ದದ ವಯರಾದರೂ ಹಾಕಬಹುದಿತ್ತು ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಯಲ್ಲಾಪುರದ ಕಾರ್ಯಕ್ರಮದ ದಿನ ಮಧ್ಯಾಹ್ನವೇ ಹಾಲ್‌ಗೆ ಹೋಗಿ ಎಲ್ಲ ಜೋಡಿಸಿದೆ. ಕರೆಂಟು ಏರಿಳಿಯುತ್ತಿತ್ತು, ಸ್ಟೆಬಿಲೈಸರ್ ಇಟ್ಟೆ. ಸ್ಟೇಜಿನ ಬಲಕ್ಕೆ, ಮಾಸ್ತರ ಪಕ್ಕದಲ್ಲಿ ಒಂದು ಸ್ಟೂಲು, ಅದರ ಮೇಲೆ ರೇಡಿಯೋ, ಪಕ್ಕದಲ್ಲಿ ಪೇಂಟರ್ ಕುರ್ಚಿ. ಈ ಸಲ ಸ್ಕೂಟರ್ ಹತ್ತಲಿಲ್ಲ. ಪೇಂಟರ್ ನುಡಿಸುತ್ತಿದ್ದ ಹಾಗೆ ಮೊದಲ ಸಾಲಿನಿಂದ ಕಡೇ ಸಾಲಿನ ತನಕ ಒಂದೊಂದು ಕುರ್ಚಿಯಲ್ಲಿ ಕೂತು ಕೇಳಿದೆ. ಎಲ್ಲ ಕಡೆ ಚೆನ್ನಾಗಿತ್ತು.

ನಾಲ್ಕು ಗಂಟೆಗೆ ಕಾರ್ಯಕ್ರಮದ ವ್ಯವಸ್ಥಾಪಕರು ಬಂದರು. ಊರಿನ ವ್ಯಾಪಾರಸ್ಥರು, ಇಸ್ತ್ರಿ ಮುರಿಯದ ಅಂಗಿ. ರೇಡಿಯೋ ಕಂಡ ಕೂಡಲೇ ಅವರ ಮುಖ ಸಿಂಡರಿಸಿತು. ಇದೇನ್ರೀ, ಗುಜರಿ ಸಾಮಾನು ಸ್ಟೇಜ್ ಮ್ಯಾಲೆ ಅಂತ ಶುರು ಮಾಡಿದರು. ಮುಖ್ಯ ಅತಿಥಿಗಳು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಗೆದ್ದಲು ತಿಂದ ಡಬ್ಬಿ ಫೋಟೋದಲ್ಲಿ ಬರಬೇಕಾ? ನಾನು ಹರಳು, ವಾಲ್ವು ಅಂತ ವಿವರಿಸಲಿಕ್ಕೆ ಹೋದೆ. ಅವರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಕೇಳಿದರು, ಕೇಳಿ ಮುಗಿಸಿ ಮೊದಲು ಹೇಳಿದ್ದನ್ನೇ ಹೇಳಿದರು. ಹೊಸ ದೀಪದ ಆಂಪ್ಲಿಫಾಯರ್ ಬಾಡಿಗೆಗೆ ಸಿಗುತ್ತದೆ, ತರಿಸಲಾ ಅಂತಲೂ ಕೇಳಿದರು. ಮಾಸ್ತರು ನಡುವೆ ಬಾಯಿ ಹಾಕಿ, ಅದನ್ನು ಬದಿಯ ಪರದೆಯ ಹಿಂದೆ ಇಟ್ಟರಾಯಿತು, ಶಬ್ದ ಬಂದರೆ ಮುಗಿಯಿತಲ್ಲ ಅಂದರು.

ನಾನು ಒಪ್ಪಿದೆ. ವಾದ ಮಾಡಬಹುದಿತ್ತು, ರೇಡಿಯೋದ ಮೇಲೆ ಒಂದು ಪಂಚೆ ಹೊದೆಸಿ ಎದುರಿಗೇ ಇಡಬಹುದಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಸ್ವರ ಕೆಡಬಾರದು. ವ್ಯವಸ್ಥಾಪಕರು ಅತ್ತ ಹೋದ ಮೇಲೆ ಸ್ಟೂಲು ಎತ್ತಿ ಪರದೆಯ ಹಿಂದೆ ಇಟ್ಟೆ. ವಯರು ಎರಡೇ ಮಾರು. ಕುರ್ಚಿಯನ್ನೂ ಎತ್ತಿ ಪರದೆಯ ಅಂಚಿನ ಒಳಗೆ ಇಟ್ಟೆ. ಪೇಂಟರ್ ಗಿಟಾರು ಹಿಡಿದು ನಿಂತು ನೋಡುತ್ತಿದ್ದರು. ಅವರ ಹೆಂಡತಿ, ಗ್ಯಾರೇಜಿನವರು, ಇಗರ್ಜಿಯವರು ಎಲ್ಲ ಬರುವವರಿದ್ದರು. ಪೇಂಟರ್ ಕೇಳಿದ್ದು ಒಂದೇ, ಇಲ್ಲಿ ಕೂತರೆ ನನಗೆ ಮಾಸ್ತರ ಮುಖ ಕಾಣ್ತದಾ ಅಂತ. ಕಾಣುತ್ತದೆ ಅಂದೆ. ಜನರಿಗೆ ಅವರು ಕಾಣುತ್ತಾರಾ ಅಂತ ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಕಾರ್ಯಕ್ರಮ ಬಹಳ ಚೆನ್ನಾಗಿ ಆಯಿತು. ಹಾಗೆ ಹೇಳಲಿಕ್ಕೂ ನನಗೆ ಈಗ ಹೇಸಿಗೆ, ಆದರೂ ಅದು ನಿಜ. ಮಾಸ್ತರು ನಿಲ್ಲಿಸಿದ ಜಾಗದಲ್ಲಿ ಗಿಟಾರು ಎದ್ದಾಗ ಹಾಲ್‌ನಲ್ಲಿ ಕೆಮ್ಮು ಕೂಡ ನಿಂತಿತು. ಪೇಂಟರ್ ಅಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನನ್ನ ಮುಂದಿನವರು ಪಕ್ಕದವರಿಗೆ ಸ್ಟೇಜಿನ ಕಡೆ ಬೆರಳು ಮಾಡಿ ಏನೋ ತೋರಿಸುತ್ತಿದ್ದರು. ಆ ಬೆರಳು ಯಾವ ಕಡೆ ಹೋಗುತ್ತಿದೆ ಅಂತ ನಾನು ಆಗ ಗಮನಿಸಿರಲಿಲ್ಲ.

ಮುಗಿದ ಮೇಲೆ ವ್ಯವಸ್ಥಾಪಕರು ಸ್ಟೇಜು ಹತ್ತಿ ಮೈಕು ಹಿಡಿದರು. ಹುಬ್ಬಳ್ಳಿಯಿಂದ ಬಂದ ಕೀಬೋರ್ಡ್ ಕಲಾವಿದರು ಇವತ್ತು ಕೀಬೋರ್ಡಿನಲ್ಲಿ ಗಿಟಾರನ್ನೇ ತಂದು ಕೇಳಿಸಿದರು, ಯಂತ್ರ ಎಷ್ಟು ಮುಂದುವರಿದಿದೆ ನೋಡಿ ಅಂದರು. ಚಪ್ಪಾಳೆ ಬಿತ್ತು. ಶಾಲು ಹೊದೆಸಿದರು. ಆ ಪುಣ್ಯಾತ್ಮ ಒಂದು ಮಾತು ಆಡಲಿಲ್ಲ, ಕೈ ಮುಗಿದು ಹಲ್ಲು ಬಿಟ್ಟ. ನನಗೆ ಅಲ್ಲೇ ಥೂ ಅನ್ನಬೇಕು ಅನ್ನಿಸಿತು. ಪರದೆಯ ಹಿಂದೆ ಕೂತವರಿಗೆ ಇದೆಲ್ಲ ನನ್ನ ಬಾಕ್ಸುಗಳಿಂದಲೇ ಚೆನ್ನಾಗಿ ಕೇಳುತ್ತಿತ್ತು.

ಸ್ಟೇಜಿನ ಮೆಟ್ಟಿಲಲ್ಲಿ ಮಾಸ್ತರನ್ನು ಹಿಡಿದು ನಿಲ್ಲಿಸಿ ನಮ್ಮ ಹವ್ಯಕ ಮಾತಿನಲ್ಲೇ ಕೇಳಿದೆ.

"ಮಾಸ್ತರ್ರೆ, ಅದು ಕೀಬೋರ್ಡ್ ಅಲ್ಲ ಹೇಳಿ ನಿಂಗಕ್ಕೆ ಗೊತ್ತಿದ್ದಲ್ದಾ?"

"ಎಂಗೆ ಗೊತ್ತಿದ್ದು ತಮಾ," ಅಂದರು ಅವರು, ಗೊತ್ತು ಅನ್ನುವ ಹಾಗೆ ತಲೆ ಆಡಿಸಿ, ಸಿಟ್ಟಿಲ್ಲದೆ, ಹೆಗಲ ಮೇಲೆ ಕೈ ಇಟ್ಟು. "ಕೇಳ್ದವಕ್ಕೆ ಗೊತ್ತಾಯ್ದಿಲ್ಲೆ. ಹಂಗಾದ್ರೆ ಯಾವ್ದು ನುಡಿಸಿದ್ರೆ ಎಂತಾತು?"

ಎರಡು ತಿಂಗಳ ಹಿಂದೆ ಗಿಟಾರು ಕೇಳುವುದಿಲ್ಲ ಅಂತ ಬೇಡವಾಗಿತ್ತು. ಈಗ ಇಷ್ಟು ಚೆನ್ನಾಗಿ ಕೇಳಿದ ಮೇಲೂ ಬೇಡ. ಮಾಸ್ತರು ಮುಖ್ಯ ಅತಿಥಿಗಳ ಜೊತೆ ಊಟಕ್ಕೆ ಹೋದರು.

ಪರದೆಯ ಹಿಂದೆ ಹೋದೆ. ಪೇಂಟರ್ ರೇಡಿಯೋ ಆಫ್ ಮಾಡಿ, ವಯರನ್ನು ಮೊಣಕೈಗೆ ಸುತ್ತಿ ಸುತ್ತಿ ಕಟ್ಟುತ್ತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ಬೆಡ್‌ಶೀಟು ಹಿಡಿದು ನಿಂತಿದ್ದರು. ನಾನು ಶುರು ಮಾಡುವ ಮೊದಲೇ ಪೇಂಟರ್ ಮಾತಾಡಿದರು.

"ಸ್ವರ ಒಳ್ಳೇದಾಗಿ ಬಂತು ಹೆಗಡೇರೆ. ಮುಂದಿನ ಸಲಕ್ಕೆ ಈ ವಯರೊಂದು ಸ್ವಲ್ಪ ಉದ್ದ ಮಾಡ್ಲಿಕ್ಕೆ ಆಗ್ತದಾ ನೋಡಿ."

ನೋಡುವ ಅಂದೆ. ಮುಂದಿನ ಸಲ ಇಲ್ಲ ಅಂತ ಅವರಿಗೆ ತಿಳಿದದ್ದು ಮಾಸ್ತರು ಬರೆದ ಒಂದು ಕಾರ್ಡಿನಿಂದ.

ಇದಾದ ಮೇಲೆ ಆ ತಂಡಕ್ಕೆ ಸೆಟ್ಟು ಹಾಕುವುದನ್ನು ಬಿಟ್ಟೆ ಅಂತ ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಬಿಡಲಿಲ್ಲ. ಇನ್ನೂ ನಾಲ್ಕು ವರ್ಷ ನಾನೇ ಹಾಕಿದೆ. ಹಾಡಿನ ನಡುವೆ ಆ ಎರಡು ಸಾಲಿನ ಜಾಗ ಬರುತ್ತಿತ್ತು, ಕೀಬೋರ್ಡಿನವ ನಂಬರು ಒತ್ತಿ ನನ್ನ ಕಡೆ ನೋಡುತ್ತಿದ್ದ, ಗುಂಡಿ ತಿರುಗಿಸಿ ಅದನ್ನು ಜೋರು ಮಾಡುತ್ತಿದ್ದವ ನಾನೇ.